ಸೋಬಾನೆ ಡಬ್ಬದ ಬೀಗದ ಕೈ

ನಮ್ ಯಜಮಾನ್ರು ಮುನಿಯಲ್ಲಪ್ಪನೋರು ಒಳ್ಳೇ ಮನುಷ್ಯರು. ಅದನ್ನ ಮೊದಲೇ ಹೇಳ್ಬುಡ್ತೀನಿ, ಯಾಕಂದ್ರೆ ಇನ್ಮೇಲೆ ನಾನು ಹೇಳೋದ್ರಲ್ಲಿ ಅವರನ್ನ ಬಯ್ಯೋದೇ ಜಾಸ್ತಿ ಐತೆ. ಯಾರು ಏನು ಕೇಳಿದ್ರೂ ಇಲ್ಲ ಅನ್ನೋ ಮಾತು ಆವಯ್ಯನ ಬಾಯಲ್ಲಿ ಬರಕ್ಕಿಲ್ಲ. ಆ ಒಳ್ಳೇತನದಿಂದ್ಲೇ ಮಗಳ ಮದುವೇಲಿ, ಅಷ್ಟೂ ಜನದ ಮುಂದೆ, ನನ್ನ ಮಾನ ಹೋಗೋದ್ರಲ್ಲಿತ್ತು.

ನಾನು ಇಂದ್ರಮ್ಮ. ನಮ್ಮೂರು ರಾಯಕೋಟೆ ಪಕ್ಕ. ಕೆಲಸ ಗುಲಾಬಿ ಶೆಡ್ಡಲ್ಲಿ. ಕೊಯ್ದ ಹೂವನ್ನ ಕಡ್ಡಿ ಉದ್ದ ನೋಡಿ ಬೇರೆ ಮಾಡೋದು, ಕಟ್ಟು ಕಟ್ಟಿ ನೀರಿನ ಬಕೆಟ್ಟಿಗೆ ಇಳಿಸೋದು. ಆದ್ರೆ ಸುತ್ತಮುತ್ಲೂರಲ್ಲಿ ಯಾರೂ ನನ್ನ ಗುಲಾಬಿ ಇಂದ್ರಮ್ಮ ಅನ್ನಕ್ಕಿಲ್ಲ, ಸೋಬಾನೆ ಇಂದ್ರಮ್ಮ ಅಂತಾರೆ. ಮದುವೆ ಆಗ್ಲಿ, ತೊಟ್ಟಿಲಿಗೆ ಮಗು ಹಾಕೋದಾಗ್ಲಿ, ಹುಡುಗಿ ದೊಡ್ಡೋಳಾದ್ಲು ಅಂತ ಆಗ್ಲಿ, ನಾನು ಹೋಗಿ ಕುಂತು ಬಾಯಿ ಬಿಟ್ಟ ಮೇಲೇನೇ ಶಾಸ್ತ್ರ ಶುರು. ಹಾಡು ನಾನು ಕಟ್ಟಿದ್ದಲ್ಲ ಮತ್ತೆ. ಸಾನಮಾವು ಕಾಡಿನ ಪಕ್ಕದ ಹಳ್ಳೀಲಿ ನಮ್ಮ ದೊಡ್ಡಮ್ಮ ಕೊಂಡಮ್ಮ ಇದಾಳೆ, ಎಲ್ಲಾ ಅವಳು ಕಲಿಸಿದ್ದು. ನಾನು ಅವಳು ಹೇಳಿಕೊಟ್ಟಂಗೆ ಒಪ್ಪಿಸೋಳು. ಒಂದಕ್ಷರ ಆಚೆ ಈಚೆ ಮಾಡಿದೋಳಲ್ಲ.

ನಮ್ ಕಡೆ ಮದುವೇಲಿ ಒಂದು ಕಟ್ಲೆ ಐತೆ. ಧಾರೆ ಆದ್ಮೇಲೆ, ಹೆಣ್ಣೊಪ್ಸೋಕೆ ಮುಂಚೆ, ಎರಡೂ ಕಡೆ ಹೆಂಗಸ್ರು ಚಾಪೆ ಹಾಸ್ಕೊಂಡು ಎದುರುಬದುರು ಕುಂತ್ಕೊಳ್ತಾರೆ. ಹೆಣ್ಣಿನ ಕಡೆಯೋರು ಹಾಡಲ್ಲೇ ಬೀಗರ ಕಾಲೆಳೀಬೇಕು, ಅವರು ಹಾಡಲ್ಲೇ ಉತ್ತರ ಕೊಡ್ಬೇಕು, ಮತ್ತೆ ಇವರು, ಮತ್ತೆ ಅವರು. ಯಾರ ಬಾಯಿ ಮೊದಲು ಕಟ್ತದೋ ಅವರು ಸೋತಂಗೆ. ಸೋತೋರು ಗೆದ್ದೋರಿಗೆ ಎಲೆ ಹಾಕಿ, ಅವರು ಉಂಡೇಳೋ ತನಕ ನಿಂತು ಬಡಿಸ್ಬೇಕು. ಇದೆಲ್ಲ ತಮಾಷೆ ಅಲ್ವಾ ಅಂತೀರಾ? ತಮಾಷೆನೇ. ಆದ್ರೆ ಹೆಣ್ಣಿನ ಕಡೆಯೋರು ಸೋತ್ರೆ, ಆ ಹುಡುಗಿ ಗಂಡನ ಮನೇಲಿ ಸಾರಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿದ ದಿನವೆಲ್ಲ "ನಿಮ್ಮಮ್ಮಂಗೆ ಬಾಯಿಲ್ಲ, ನಿಂಗೆ ಕೈಯಿಲ್ಲ" ಅಂತ ಕೇಳ್ಕೋಬೇಕು. ಇಷ್ಟು ವರ್ಷ ಊರೋರ ಹೆಣ್ಣುಮಕ್ಕಳ ಪರವಾಗಿ ಹಾಡಿ ಗೆದ್ದೋಳು ನಾನು. ನನ್ನ ಕೋಮಲಾ ಮದುವೇಲಿ ಸೋತ್ರೆ ಹೆಂಗೆ? ನನಗಿದ್ದ ಚಿಂತೆ ಅದೊಂದೇ.

ಈಗ ಡಬ್ಬದ ವಿಷ್ಯಕ್ಕೆ ಬತ್ತೀನಿ.

ಕೊಂಡಮ್ಮ ದೊಡ್ಡಮ್ಮನ ಹಾಡೆಲ್ಲ ನಾನು ಫೋನಲ್ಲಿ ಹಿಡಿದು ಇಟ್ಕೊಂಡಿದ್ದೆ. ಶೆಡ್ಡಲ್ಲಿ ಕೆಲಸ ಮಾಡ್ತಾ ಕೇಳ್ಕೊಂಡು ಗುನುಗ್ತಿದ್ದೆ. ಒಂದಿನ ಬಗ್ಗಿ ಹೂವಿನ ಕಟ್ಟು ಇಳಿಸ್ತಾ ಇದೀನಿ, ಸೆರಗಿಗೆ ಸಿಗಿಸಿದ್ದ ಫೋನು ಜಾರಿ ಬಕೆಟ್ಟಿನೊಳಗೆ ಬುಳಕ್ ಅಂತು. ಎತ್ತಿ ಒರಸಿ ಅಕ್ಕಿ ಡಬ್ಬೀಲಿಟ್ಟು ಏನೆಲ್ಲ ಮಾಡಿದ್ರೂ ಜೀವ ಬರ್ಲಿಲ್ಲ. ನಾನು ಎದೆ ಎದೆ ಬಡ್ಕೊಂಡು ಅತ್ತೆ. ಆಮೇಲೆ ಮತ್ತೆ ಸಾನಮಾವಿಗೆ ಹೋಗಿ, ಆ ವಯಸ್ಸಾದ ಜೀವಾನ ಗೋಳು ಹೊಯ್ಕೊಂಡು, ಎಲ್ಲಾನೂ ಮೊದಲಿಂದ ಹೇಳಿಸಿ ಹೊಸ ಫೋನಲ್ಲಿ ಹಿಡ್ಕೊಂಡು ಬಂದೆ.

ನನ್ನ ಮಗ ವೆಂಕಿ ಹೊಸೂರಲ್ಲಿ ಒಂದು ಫ್ಯಾಕ್ಟ್ರೀಲಿ ಮೆಷಿನ್ನು ರಿಪೇರಿ ಮಾಡೋ ಕೆಲಸದಲ್ಲಿದಾನೆ. ನನ್ನ ಗೋಳು ನೋಡಕ್ಕಾಗ್ದೆ ಒಂದು ಕಪ್ಪು ಡಬ್ಬ ತಂದ. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಐತೆ. ಒಳಗೆ ಎರಡು ಡಿಸ್ಕ್ ಅಂತೆ, ಒಂದು ಕೆಟ್ರೂ ಇನ್ನೊಂದ್ರಲ್ಲಿ ಎಲ್ಲಾ ಇರ್ತದಂತೆ. ದೇವರ ಗೂಡಿನ ಪಕ್ಕ ಇಂಟರ್ನೆಟ್ಟಿನ ಪೆಟ್ಟಿಗೆಗೆ ವೈರು ಕೊಟ್ಟು ಕೂರಿಸ್ದ. ಹಾಡು, ಫೋಟೊ, ಎಲ್ಲಾ ಅದರೊಳಗೆ ತುಂಬ್ದ.

"ಮನೇಲಿಟ್ರೆ ನಂಗೇನ್ ಬಂತ್ಲಾ?" ಅಂದೆ. "ಮನೇಲಿ ಹಾಡು ಕೇಳೋಕೆ ಪುರುಸೊತ್ತೆಲ್ಲೈತೆ? ನಂಗೆ ಶೆಡ್ಡಲ್ಲಿ ಬೇಕು."

"ಶೆಡ್ಡಿಗೂ ಬರೋ ಹಂಗೆ ಮಾಡ್ತೀನಿ ತಡಿಯಮ್ಮ. ಸುಮ್ನೆ ಬಾಗ್ಲು ತೆಗೆದಿಟ್ರೆ ನೀನೂ ಬತ್ತೀಯ, ಲೋಕದ ಕಳ್ಳರೂ ಬತ್ತಾರೆ. ಅದಕ್ಕೆ ಬಾಗ್ಲು ಬ್ಯಾಡ, ಒಂದು ಸುರಂಗ ಮಾಡ್ತೀನಿ. ನಿನ್ನ ಫೋನಿಂದ ನಮ್ಮನೆ ಡಬ್ಬಕ್ಕೆ ನೇರ. ಅಲ್ಲೊಂದು ದಾರಿ ಐತೆ ಅನ್ನೋದೇ ಹೊರಗಿನೋರಿಗೆ ಕಾಣಕ್ಕಿಲ್ಲ."

"ಅಯ್ಯೋ ನಿನ್ನ! ನನ್ನ ಸೋಬಾನೆ ಕದಿಯೋಕೆ ಯಾವ ಕಳ್ಳ ಬತ್ತಾನ್ಲಾ?" ಅಂತ ನಕ್ಕೆ. ನಕ್ಕಿದ್ದಕ್ಕೆ ಆಮೇಲೆ ಚೆನ್ನಾಗಿ ಅನುಭವಿಸ್ದೆ, ಅದು ಬೇರೆ.

ವೆಂಕಿ ನಗ್ಲಿಲ್ಲ. ಅವನಿಗೆ ಫ್ಯಾಕ್ಟ್ರಿ ಬುದ್ಧಿ. ಅಲ್ಲಿ ಮೆಷಿನ್ನು ರಿಪೇರಿಗೆ ಒಳಗಿಳಿಯೋ ಮುಂಚೆ ಒಬ್ಬೊಬ್ರೂ ಸ್ವಿಚ್ಚಿಗೆ ತಮ್ ತಮ್ಮ ಬೀಗ ಹಾಕ್ತಾರಂತೆ, ಬೀಗದ ಕೈ ಅವರವರ ಜೇಬಲ್ಲೇ ಇರ್ಬೇಕಂತೆ, ಇನ್ನೊಬ್ರಿಗೆ ಕೊಟ್ರೆ ಕೆಲಸದಿಂದ ಕಿತ್ತಾಕ್ತಾರಂತೆ. "ಇಲ್ಲೂ ಹಂಗೇನೆ. ಒಬ್ರಿಗೆ ಒಂದೇ ಕೈ" ಅಂದ. ಅಂಗ್ಡೀಲಿ ದುಡ್ಡು ಕಟ್ಟೋಕೆ ಅಂಟಿಸಿರ್ತಾರಲ್ಲ ಕಪ್ಪು ಬಿಳಿ ಚುಕ್ಕೀದು ಒಂದು ಚೌಕ, ಅಂಥದ್ದು ತೋರಿಸಿ, ಅದಕ್ಕೆ ನನ್ನ ಹೊಸ ಫೋನು ಹಿಡಿಸ್ದ. "ಇದೇ ನಿನ್ನ ಬೀಗದ ಕೈ. ಇದರ ಮೇಲೆ ಪಾಸ್ವರ್ಡು ಬೇರೆ." ಪಾಸ್ವರ್ಡೋ, ದೊಡ್ಡಕ್ಷರ ಚಿಕ್ಕಕ್ಷರ ಅಂಕಿ ಚುಕ್ಕಿ ಎಲ್ಲಾ ಕಲಸಿದ ಚಿತ್ರಾನ್ನ.

ಅಷ್ಟು ಮಾಡಿದೋನು ಒಂದು ಕಡೆ ಎಡವಿದ. ನನ್ನ ಫೋನು ಮತ್ತೆ ನೀರಿಗೆ ಬಿದ್ರೆ ಬೇಕಾಗ್ತದೆ ಅಂತ ಆ ಚೌಕದ ಫೋಟೊ ತೆಗೆದು, ಪಾಸ್ವರ್ಡನ್ನೂ ಸೇರಿಸಿ, ಅವರಪ್ಪನ ಫೋನಲ್ಲಿಟ್ಟ. ನಮ್ಮನೆ ಬೀಗದ ಕೈ ಪಕ್ಕದ್ಮನೆ ಚೆಲುವಮ್ಮನ ಹತ್ರ, ಅವಳ ಮನೇದು ನಮ್ಮ ಹತ್ರ, ಊರಲ್ಲಿ ಹುಟ್ಟಿದಾಗಿಂದ ಹಿಂಗೇ ಬದುಕಿರೋ ಮನುಷ್ಯನ ಕೈಗೆ!

ಮೊದಲ ದಿನ ಶೆಡ್ಡಲ್ಲಿ ಫೋನು ಒತ್ತಿದ್ರೆ, ಮನೆ ಡಬ್ಬದಿಂದ ಕೊಂಡಮ್ಮನ ದನಿ ಬಂದು ನನ್ನ ಕಿವಿ ಹತ್ರ ಹಾಡ್ತು. ನಡುವೆ ಅವಳು ಕೆಮ್ಮೋದು, "ತಡೀಲೆ ಇಂದ್ರಿ, ಎಲೆ ಅಡಿಕೆ ಉಗುಳ್ತೀನಿ" ಅನ್ನೋದು, ಎಲ್ಲಾ ಹಂಗಂಗೇ. ನಂಗೆ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿದ್ದ ಕೃಷ್ಣಗಿರಿ ಕಡೆ ಹುಡುಗೀರು ಕೈ ನಿಲ್ಲಿಸಿ "ಯಾರುಕ್ಕಾ ಇದು, ನಲ್ಲಾ ಪಾಡ್ರಾಂಗ" ಅಂದ್ರು ತಮಿಳಲ್ಲಿ, ಯಾರಕ್ಕ ಇಷ್ಟು ಚೆನ್ನಾಗಿ ಹಾಡೋದು ಅಂತ. ಮಗನ ಮೇಲೆ ಅವತ್ತು ಬಂದಷ್ಟು ಪ್ರೀತಿ ಅವನು ಹುಟ್ಟಿದ ದಿನಾನೂ ಬಂದಿರ್ಲಿಲ್ಲ.

ಅದೇ ಹೊತ್ತಿಗೆ ಕೋಮಲಾಗೆ ಸಂಬಂಧ ಕೂಡಿ ಬಂತು. ಹುಡುಗ ಬಾಲಾಜಿ, ಜೂಜುವಾಡೀಲಿ ಲಾರಿ ಬಿಡಿಭಾಗದ ಅಂಗ್ಡಿ. ಮನೆ ಗಡಿ ದಾಟಿದ್ರೆ ಅತ್ತಿಬೆಲೆ. ಹುಡುಗ ಬಂಗಾರ. ಹುಡುಗನ ತಾಯಿ ಕನಕಮ್ಮ, ಆವಮ್ಮನೂ ಹಾಡ್ತಾಳೆ. ಅವರ ಕಡೆ ಮದುವೆಗಳಲ್ಲಿ ಅವಳೇ ಮುಂದಾಳು. ನಿಶ್ಚಿತಾರ್ಥದಲ್ಲಿ ನಂಗೆ ಕುಂಕುಮ ಕೊಡ್ತಾ, "ನಿಮ್ ಹಾಡಿನ ವಿಷ್ಯ ಬೋ ಕೇಳಿದೀನಿ ಬೀಗ್ತಿ. ಮದುವೇಲಿ ನೋಡಾನ" ಅಂದ್ಲು, ನಗ್ತಾ ನಗ್ತಾನೇ. ಆ "ನೋಡಾನ" ನನ್ನ ಹೊಟ್ಟೇಲಿ ಹೋಗಿ ಕುಂತ್ಕೊಳ್ತು. ಅವತ್ತಿಂದ ಶೆಡ್ಡಲ್ಲಿ ಹಾಡು ಕೇಳೋದು ಜೋರು ಮಾಡ್ದೆ. ಬೀಗರ ಹಾಡು ಒಂದೂ ಬಾಯಿಂದ ಜಾರಬಾರ್ದು, ನೋಡಿ.

ಆಗ ಶುರುವಾಯ್ತು ಡಬ್ಬದ ಕಾಟ. ಹಾಡು ಅರ್ಧಕ್ಕೆ ನಿಲ್ಲೋದು. ಮತ್ತೆ ಒತ್ತಿದ್ರೆ ಎರಡು ಸಾಲು ಬರೋದು, ಮತ್ತೆ ಗಪ್ ಚುಪ್. ನಾನು ಒತ್ತೋದು, ಅದು ಬರೋದು, ನಿಲ್ಲೋದು. ಯಾರೋ ಒಳಗಿಂದ ನನ್ನ ಹಿಡ್ಕೊಂಡು ಆಚೆಗೆ ನೂಕ್ತಾ ಇದ್ದಂಗೆ.

ವೆಂಕೀನ ಕೇಳಿದ್ರೆ ಸಿಗ್ನಲ್ ಸರಿ ಇಲ್ಲ ಅಂದ. ಶೆಡ್ಡಿನ ಹುಡುಗೀರು ಫೋನೇ ಸರಿ ಇಲ್ಲ ಅಂದ್ರು. ಚೆಲುವಮ್ಮ ಮಾತ್ರ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕುಂತು ನೋಡಿ, "ದೃಷ್ಟಿ ಆಗೈತೆ ಇಂದ್ರಕ್ಕ. ಬಂದೋರಿಗೆಲ್ಲ ನನ್ನ ಮಗ ಮಾಡಿದ್ದು, ನನ್ನ ಮಗ ಮಾಡಿದ್ದು ಅಂತ ತೋರಿಸ್ಕೊಂಡು ಕುಣಿದ್ಯಲ್ಲ" ಅಂದ್ಲು. ಸರಿ ಅಂತ ಉಪ್ಪು ಒಣಮೆಣಸಿನಕಾಯಿ ತಗೊಂಡು ಡಬ್ಬಕ್ಕೆ ನಿವಾಳಿಸಿ ಒಲೆಗೆ ಹಾಕ್ದೆ. ಘಾಟೇ ಬರ್ಲಿಲ್ಲ. ನೋಡ್ದಾ, ಎಂಥಾ ದೃಷ್ಟಿ ಅಂದ್ಲು ಚೆಲುವಮ್ಮ. ಒಂದು ನಿಂಬೆಹಣ್ಣನ್ನೂ ಕಟ್ದೆ. ಮಾರನೇ ದಿನ ಶೆಡ್ಡಲ್ಲಿ ಹಾಡು ಮೊದಲ ಸಾಲಿಗೇ ನಿಂತೋಯ್ತು.

ಮದುವೆಗೆ ಇನ್ನೊಂದು ವಾರ ಇರುವಾಗ, ಭಾನುವಾರ, ವೆಂಕಿ ಲ್ಯಾಪ್‌ಟಾಪ್ ಇಟ್ಕೊಂಡು ಡಬ್ಬದ ಮುಂದೆ ಕುಂತ. ನಾನು ಪಕ್ಕದಲ್ಲೇ ಕಡ್ಲೆಕಾಯಿ ಸುಲೀತಿದ್ದೆ. ಯಜಮಾನ್ರು ಕುರ್ಚೀಲಿ ಕುಂತು ಆ ಕಾಯೆಲ್ಲ ತಿಂತಿದ್ರು.

"ಅಮ್ಮಾ, ಈಗ ನೀನು ಹಾಡು ಕೇಳ್ತಾ ಇದೀಯಾ?"

"ಕಣ್ಣು ಕಾಣಕ್ಕಿಲ್ವೇನ್ಲಾ? ಕಡ್ಲೆಕಾಯಿ ಸುಲೀತಾ ಇದೀನಿ."

"ಫೋನೆಲ್ಲಿ?"

"ಒಳಗೆ ಐತೆ, ಆಫಾಗಿ."

ವೆಂಕಿ ಮೆಲ್ಲಗೆ ನನ್ನ ಕಡೆ ತಿರುಗ್ದ. "ಹಂಗಾದ್ರೆ ನಿನ್ನ ಹೆಸರಲ್ಲಿ, ನಿನ್ನ ಬೀಗದ ಕೈಯಲ್ಲಿ ಒಳಗೆ ಬಂದು, ಈಗ ಈ ನಿಮಿಷ ಬೀಗರ ಹಾಡು ಕೇಳ್ತಾ ಇರೋರು ಯಾರು?"

ಯಜಮಾನ್ರು ಎದ್ದು, "ಹಸೂಗೆ ನೀರಿಟ್ಟಿಲ್ಲ" ಅಂತ ಹೊರಟ್ರು. ನಮ್ಮನೇಲಿ ಹಸು ಮಾರಿ ಎಷ್ಟೋ ವರ್ಷ ಆಯ್ತು.

"ನಿಂತ್ಕೊಳ್ರೀ ಅಲ್ಲೇ!" ಅಂದೆ.

ನಿಂತ್ರು. ಮೆಲ್ಲಗೆ ಹೇಳಿದ್ರು. ನಿಶ್ಚಿತಾರ್ಥ ಆದ ಮಾರನೇ ದಿನ ಕನಕಮ್ಮ ಫೋನು ಮಾಡಿ, ಅಣ್ಣಾ, ನಿಶ್ಚಿತಾರ್ಥದ ಫೋಟೊ ನೋಡ್ಬೇಕಲ್ಲ ಅಂದ್ಲಂತೆ. ಅದೆಲ್ಲ ಡಬ್ಬದಲ್ಲೈತಮ್ಮ ಅಂತ ಇವರು ಆ ಚೌಕದ ಫೋಟೊನೇ ಕಳಿಸಿಕೊಟ್ರಂತೆ. ಪಾಸ್ವರ್ಡು? ಅದನ್ನ ರಾಯಕೋಟೆ ಬಸ್ ಸ್ಟ್ಯಾಂಡಲ್ಲಿ ನಿಂತು ಫೋನಲ್ಲಿ ಒಂದೊಂದೇ ಅಕ್ಷರ ಕೂಗಿ ಹೇಳಿದ್ರಂತೆ. ಆ ಕಡೆ ಸರಿಯಾಗಿ ಕೇಳಿಸ್ಲಿಲ್ಲ ಅಂತ ಎರಡು ಸಲ!

"ಬೀಗರು ಕಣಮ್ಮಿ" ಅಂದ್ರು, ಅಳೋ ಮುಖ ಮಾಡ್ಕೊಂಡು. "ನಾವು ಹೆಣ್ಣು ಕೊಡೋ ಮನೆಯೋರು ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅಂತ ಹೆಂಗನ್ನೋದು?"

"ಅಪ್ಪಾ, ಫೋಟೊ ಮಾತ್ರ ಕಾಣೋ ಹಂಗೆ ಅವರಿಗೇ ಬೇರೆ ಹೆಸರು, ಬೇರೆ ಕೈ ಮಾಡಿ ಕೊಡ್ತಿದ್ನಲ್ಲ!" ಅಂತ ವೆಂಕಿ ತಲೆ ಚಚ್ಕೊಂಡ. "ಒಂದೇ ಕೈ ಇಬ್ರ ಹತ್ರ ಇದ್ರೆ ಒಬ್ರು ಒಳಗೆ ಬಂದಾಗ ಇನ್ನೊಬ್ರು ಆಚೆ ಹೋಗ್ತಾರೆ. ಅದಕ್ಕೇ ಕಣಮ್ಮ ನಿನ್ನ ಹಾಡು ನಿಂತು ನಿಂತು ಬರ್ತಿದ್ದಿದ್ದು."

ಅಂದ್ರೆ, ಇಷ್ಟು ದಿನ ಶೆಡ್ಡಲ್ಲಿ ನಾನು ಒತ್ತೋದು, ಅತ್ತಿಬೆಲೇಲಿ ಕನಕಮ್ಮ ಒತ್ತೋದು. ಇಬ್ರೂ ಒಬ್ರನ್ನೊಬ್ರು ನೂಕಾಡ್ಕೊಂಡು ಒಂದೇ ಹಾಡು ಕಲೀತಿದ್ವಿ! ಯಜಮಾನ್ರನ್ನ ಬಾಯಿಗೆ ಬಂದಂಗೆ ಬೈದೆ. ಮಗನ್ನೂ ಬೈದೆ. ಗೋಡೆ ಆಚೆಯಿಂದ ಇಣುಕಿದ ಚೆಲುವಮ್ಮನ್ನೂ, ಮೆಣಸಿನಕಾಯಿ ದಂಡ ಮಾಡಿಸಿದ್ದಕ್ಕೆ, ಸೇರಿಸಿ ಬೈದೆ. ವೆಂಕಿ ಆ ಕೈನ ಅಲ್ಲೇ ರದ್ದು ಮಾಡಿ ನಂಗೆ ಹೊಸದು ಕೊಟ್ಟ. ಕೊಟ್ಟು ಏನು ಬಂತು? ಕನಕಮ್ಮ ಕೇಳೋದೆಲ್ಲ ಕೇಳ್ಬುಟ್ಟವಳೆ. ಬೀಗರ ಹಾಡು ಅಷ್ಟಕ್ಕೂ ಉತ್ತರ ಕಟ್ಕೊಂಡು ಬಂದು ಕೂರ್ತಾಳೆ. ಹಂಗಂತ ಜಗಳ ಆಡೋಕಾಯ್ತದಾ, ಮದುವೆ ಮುಂದಿಟ್ಕೊಂಡು?

ಮಾರನೇ ದಿನ ಶೆಡ್ಡಿಗೆ ರಜಾ ಹೇಳಿ ಸಾನಮಾವಿನ ಕಡೆ ಬಸ್ಸು ಹತ್ದೆ. ಆನೆ ಬಂದವೆ, ಸಾಯಂಕಾಲದೊಳಗೆ ವಾಪಸ್ ಬಂದ್ಬುಡಮ್ಮ ಅಂದ ಕಂಡಕ್ಟರು, ತೆಲುಗಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ಕೊಂಡಮ್ಮ ಜಗಲೀಲಿ ಬಿಸಿಲು ಕಾಯಿಸ್ತಾ ಕುಂತಿದ್ಲು. ನಡೆದದ್ದೆಲ್ಲ ಹೇಳ್ದೆ. ಅಯ್ಯೋ ಪಾಪ ಅಂತಾಳೆ ಅಂದ್ಕೊಂಡಿದ್ರೆ, ಮುದುಕಿ ಬಿದ್ದು ಬಿದ್ದು ನಕ್ಲು.

"ಪರವಾಗಿಲ್ವೆ ನಿನ್ನ ಬೀಗ್ತಿ! ಕೋಮಲಾನ ಒಳ್ಳೇ ಗಟ್ಟಿಗಿತ್ತಿ ಮನೆಗೇ ಕೊಡ್ತಾ ಇದೀಯ."

"ನಗಬ್ಯಾಡ ದೊಡ್ಡಮ್ಮ. ನಂಗೆ ಕೊಡ್ದೇ ಇರೋ ಹಾಡು ಯಾವುದಾದ್ರೂ ಉಳಿದಿದ್ರೆ ಕೊಡು. ಕಾಲಿಗೆ ಬೀಳ್ತೀನಿ."

"ಎಲ್ಲೈತೆ? ಎರಡು ಸಲ ಹಿಂಡ್ಕೊಂಡು ಹೋಗಿದೀಯಲ್ಲೇ."

"ಹಂಗಾದ್ರೆ ನಾನೇನ್ ಹಾಡ್ಲಿ?"

"ಕಟ್ಟು."

"ನಾನಾ? ನಂಗೆಲ್ಲಿ ಬತ್ತದೆ?"

"ನಂಗೆ ಮಾತ್ರ ಆಕಾಶದಿಂದ ಉದುರಿತ್ತಾ? ನಮ್ಮತ್ತೆ ಮ್ಯಾಲೆ ಸಿಟ್ಟು ಬಂದಾಗ ಕಟ್ಟಿದ್ದು ಅರ್ಧ. ಬಾಯಿಬಿಟ್ಟು ಬಯ್ಯಂಗಿಲ್ವಲ್ಲ, ಅದಕ್ಕೆ ಹಾಡ್ತಿದ್ದೆ" ಅಂದು ಎಲೆಗೆ ಸುಣ್ಣ ಹಚ್ಕೊಂಡ್ಲು. "ನಿಂಗಂತೂ ಸಿಟ್ಟಿಗೇನು ಬರ ಇಲ್ಲ."

ಬಸ್ಸಲ್ಲಿ ಬರ್ತಾ ಪ್ರಯತ್ನ ಪಟ್ಟೆ. ಅಡುಗೆ ಮಾಡ್ತಾ, ಬಟ್ಟೆ ಒಗೀತಾ ಪ್ರಯತ್ನ ಪಟ್ಟೆ. ಒಂದು ಸಾಲು ಹುಟ್ಟಿದ್ರೆ ಎರಡನೇದು ಹುಟ್ಟಕ್ಕಿಲ್ಲ. ಮದುವೆ ದಿನ ಬಂದೇ ಬಿಡ್ತು, ನಾನು ಬರೀ ಕೈಯಲ್ಲಿ ಹೊಸೂರಿನ ಛತ್ರಕ್ಕೆ ಹೋದೆ.

ಧಾರೆ ಆಯ್ತು. ಹೆಣ್ಣು ಗಂಡು ಹಸೆ ಮೇಲೆ ಕುಂತ್ರು. ಫೋಟೊದೋನು, ವಿಡಿಯೋದೋನು ಊಟಕ್ಕೆ ಓಡಿದ್ರು, ವೆಂಕಿ ಬಡಿಸೋ ಕಡೆ ಹೋದ. ಚಾಪೆ ಬಿತ್ತು. ಆ ಕಡೆ ಕನಕಮ್ಮ, ಹಸಿರು ರೇಷ್ಮೆ ಸೀರೆ, ಕಿವೀಲಿ ಓಲೆ, ಮುಖದಲ್ಲಿ ಒಂದು ಕಳ್ಳ ನಗು. ಈ ಕಡೆ ನಾನು, ನನ್ನ ಬೆನ್ನಿಗೆ ಚೆಲುವಮ್ಮ ಮತ್ತೆ ಶೆಡ್ಡಿನ ಹುಡುಗೀರು. ಏನಾದ್ರಾಗ್ಲಿ ಅಂತ ಕೊಂಡಮ್ಮನ ಹಾಡೇ ಎತ್ಕೊಂಡೆ.

ಬೀಗರು ಬಂದಾರೆ ಬೆಲ್ಲದಚ್ಚು ತಂದಾರೆ
ಬಾಗಿಲಲ್ಲೆ ಅರ್ಧ ತಿಂದಾರೆ – ನಮ ಬೀಗ್ತಿ
ಮೂಗಿಗೂ ಮೆತ್ತಿ ಕುಂತಾಳೆ

ನನ್ನ ಬಾಯಿ ಮುಚ್ಚೋಕಿಲ್ಲ, ಕನಕಮ್ಮ ಶುರು ಮಾಡಿದ್ಲು.

ಬೆಲ್ಲದ ಮಾತೇಕೆ ಬಡಿವಾರ ನಿಮಗೇಕೆ
ಗಲ್ಲಕ್ಕೆ ಹಚ್ಚೋಕೆ ತುಪ್ಪಿಲ್ಲ – ನಿಮ್ಮನೆಲಿ
ಎಲ್ಲ ನೆಕ್ಕೈತೆ ಬೆಕ್ಕೊಂದು

ಗಂಡಿನ ಕಡೆಯೋರು ಓ ಅಂತ ಕಿರುಚಿದ್ರು. ನಾನು ಇನ್ನೊಂದು ಹಾಕ್ದೆ. ಅದಕ್ಕೂ ಉತ್ತರ ಸಿದ್ಧ. ಮತ್ತೊಂದು. ಅದಕ್ಕೂ ಐತೆ. ನಾನು ಮೊದಲ ಸಾಲು ಎತ್ತಿದ್ರೆ ಸಾಕು, ಅವಳು ತಲೆ ಆಡಿಸೋಕೆ ಶುರು ಮಾಡ್ತಾಳೆ, ಹಾಂ ಗೊತ್ತು ಗೊತ್ತು ಅಂತ. ಕೊಂಡಮ್ಮ ಕೆಮ್ಮೋ ಜಾಗದಲ್ಲಿ ಇವಳೂ ಉಸಿರು ತಗೊಳ್ತಾಳೆ! ನನ್ನ ಮೂಟೆ ಖಾಲಿಯಾಗ್ತಾ ಬಂತು. ಕಡೇ ಹಾಡೂ ಆಯ್ತು, ಅದಕ್ಕೂ ಉತ್ತರ ಬಂತು. ನಾನು ಸುಮ್ಮನಾದೆ.

"ಏನ್ ಬೀಗ್ತಿ, ಎಲೆ ಹಾಕ್ತೀರಾ?" ಅಂದ್ಲು ಕನಕಮ್ಮ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಅಂದ್ರು. ನಾನು ಹಸೆ ಕಡೆ ನೋಡ್ದೆ. ಕೋಮಲಾ ತಲೆ ಬಗ್ಗಿಸಿ ಕುಂತಿತ್ತು, ಕಿವಿ ಕೆಂಪಗಾಗಿತ್ತು. ಅಮ್ಮ ಸೋತ್ಲು ಅಂತ ನಾಚಿಕೆ ಪಟ್ಕೊಂಡು ಕುಂತಿದೆ ನನ್ನ ಕೂಸು. ಅದು ಕಂಡಿದ್ದೇ ತಡ, ನಂಗೆ ಎಲ್ಲಿತ್ತೋ ಆ ಸಿಟ್ಟು, ಬಾಯಿ ತಾನೇ ತೆರ್ಕೊಳ್ತು.

ಕದವಿಲ್ಲ ಅಗಳಿಲ್ಲ ಗೋಡೆಗೆ ಕನ್ನಿಲ್ಲ
ಕದಿಯೋಕೆ ಬಂದ ಕಳ್ಳ್ಯಾರೆ – ಅತ್ತಿಬೆಲೆ
ಗಡಿಯಾಚೆ ಕುಂತ ನಮ ಬೀಗ್ತಿ

ಗಾಳೀಲೆ ಬಂದ್ಲಂತೆ ಗಂಟೆಲ್ಲ ಹೊತ್ಲಂತೆ
ಕೇಳಿ ಕದ್ದೋಳ್ಗೆ ಕಿವಿ ಎಷ್ಟು – ಓಲೆಯ
ಜೋಳಿಗೆ ಮಾಡಿ ತುಂಬಿದ್ಲು

ಚೆಲುವಮ್ಮ "ಅಯ್ಯಪ್ಪೋ!" ಅಂತ ತೊಡೆ ತಟ್ಟಿದ್ಲು. ವಿಷ್ಯ ನಮ್ಮ ಕಡೆಯೋರಿಗೆಲ್ಲ ಆಗ್ಲೇ ಗೊತ್ತಿತ್ತು, ಬಿದ್ದು ಹೊರಳಾಡಿ ನಕ್ರು. ಗಂಡಿನ ಕಡೆಯೋರು ಏನು ಏನು ಅಂತ ಕೇಳಿ ತಿಳ್ಕೊಂಡು ಅವರೂ ನಕ್ರು. ಬಾಲಾಜಿ ಪೇಟ ಜಾರೋ ಹಂಗೆ ನಕ್ಕ. ಕನಕಮ್ಮ ಸೆರಗಲ್ಲಿ ಮುಖ ಮುಚ್ಕೊಂಡ್ಲು. ಗೆದ್ದೆ ಅಂತ ಅಲ್ಲಿಗೇ ನಿಲ್ಲಿಸ್ಬೋದಿತ್ತು. ಆದ್ರೆ ಮತ್ತೆ ಕೋಮಲಾನ ನೋಡ್ದೆ. ಕೋಮಲಾನೂ ನಗ್ತಾ ಇತ್ತು, ಆ ಕಡೆಯೋರ ಜೊತೆ ಸೇರ್ಕೊಂಡು. ಇನ್ನೊಂದು ಗಳಿಗೆಗೆ ಇದನ್ನ ಒಪ್ಪಿಸಿ ನಾನು ಬರೀ ಕೈಯಲ್ಲಿ ಮನೆಗೆ ಹೋಗ್ಬೇಕಲ್ಲ ಅನ್ನಿಸ್ತು. ಸಿಟ್ಟೆಲ್ಲ ಎಲ್ಲಿ ಹೋಯ್ತೋ, ದನಿ ಇಳೀತು.

ಹಾಡೆಲ್ಲ ಒಯ್ದೋಳೆ ಹಸೆಗೆದುರು ಕುಂತೋಳೆ
ಬೇಡಂದ್ರು ಒಂದು ಕೊಡುತೀನಿ – ಮಡಿಲಾಗೆ
ಆಡಿದ ಮಗಳ ಕೈ ಹಿಡಿಯೆ

ಹಾಡೀಗೆ ಬೀಗಾವ ಜಡಿದೇನು ನೂರೆಂಟ
ಕೂಡಾಕ್ಲಾರೆ ನನ್ನ ಮಗಳಾನ – ನಿಮ್ಮನೆಯ
ಗೋಡೇಗೆ ಕಿವಿಯ ಕೊಟ್ಟಿರುವೆ

ಶೆಡ್ಡಿನ ಹುಡುಗೀರು ಮೂಗು ಒರೆಸ್ಕೊಂಡ್ರು. ಕನಕಮ್ಮ ಸೆರಗು ತೆಗೆದು ನನ್ನೇ ನೋಡಿದ್ಲು. ಆಮೇಲೆ ಎದ್ದು ಬಂದು ನನ್ನ ಕೈ ಹಿಡ್ಕೊಂಡು, "ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಬೀಗ್ತಿ, ಏಳಿ ಊಟಕ್ಕೆ" ಅಂದ್ಲು.

ಎಲೆ ಅವಳೇ ಹಾಕಿದ್ಲು. ಪಲ್ಯ ಬಡಿಸ್ತಾ ಅಂದ್ಲು, "ಕದ್ದಿದ್ದು ಗೆಲ್ಲೋಕೇನೇ, ಸುಳ್ಳು ಹೇಳಕ್ಕಿಲ್ಲ. ಆದ್ರೆ ಆ ಮುದುಕಮ್ಮನ ದನಿ ಕೇಳ್ತಾ ಕೇಳ್ತಾ ಗೆಲ್ಲೋದು ಮರ್ತೋಯ್ತು ಕಣ್ರಿ. ಬೆಳಗಾದ್ರೆ ಅದೇ ಬೇಕು ಅನ್ನಿಸ್ತಿತ್ತು. ನಿಮ್ ಮಗ ಮೊನ್ನೆ ದಾರಿ ಮುಚ್ಚಿದಾಗಿಂದ ಊಟಾನೇ ಸೇರ್ತಿಲ್ಲ." ಸಾರು ಹಾಕ್ತಾ ಇನ್ನೊಂದು ಕೇಳಿದ್ಲು. "ಈಗ ಹಾಡಿದ್ರಲ್ಲ, ಅದು ಡಬ್ಬಕ್ಕೆ ಯಾವಾಗ ಬತ್ತದೆ?"

ನಾನು ಚೆಲುವಮ್ಮನ ಮುಖ ನೋಡ್ದೆ, ಅವಳು ಹುಡುಗೀರ ಮುಖ ನೋಡಿದ್ಲು. ಒಬ್ರೂ ಫೋನಲ್ಲಿ ಹಿಡಿದಿರ್ಲಿಲ್ಲ. ಎಲ್ರೂ ಬಾಯಿ ಬಿಟ್ಕೊಂಡು ಕೇಳ್ತಾ ಕುಂತಿದ್ರಂತೆ. ನೆನಪು ಮಾಡ್ಕೊಂಡು ಹಾಡೋಣ ಅಂದ್ರೆ ಕದವಿಲ್ಲ ಅಗಳಿಲ್ಲ ಅನ್ನೋದು ಬಿಟ್ಟು ಒಂದು ಪದ ಬಾಯಿಗೆ ಬರ್ಲಿಲ್ಲ. ಸಿಟ್ಟಲ್ಲಿ ಆಡಿದ್ದು ಯಾರಿಗೆ ನೆನಪಿರ್ತದೆ? ಜಲ್ಮದಲ್ಲಿ ನಾನು ಕಟ್ಟಿದ್ದೇ ಆ ಒಂದು ಹಾಡು, ಅದೂ ಹೋಗ್ಬುಡ್ತು.

ಮದುವೆ ಮುಗಿದ ಮೇಲೆ ವೆಂಕಿಗೆ ನಾನೇ ಹೇಳ್ದೆ, ಕನಕಮ್ಮಂಗೆ ಅವಳದೇ ಹೆಸರಲ್ಲಿ ಬೇರೆ ಬೀಗದ ಕೈ ಮಾಡಿ ಕೊಡಪ್ಪ ಅಂತ. ಹಾಡು ಕೇಳೋಕೂ ಆಗ್ಬೇಕು, ಅವಳ ಹಾಡು ತಂದು ಇಡೋಕೂ ಆಗ್ಬೇಕು ಅಂದೆ. ವೆಂಕಿ ಅತ್ತಿಬೆಲೆಗೆ ಹೋಗಿ ಅವಳ ಫೋನಿಗೇ ಮಾಡಿಕೊಟ್ಟು ಬಂದ. ಅಪ್ಪನ ಫೋನಲ್ಲಿದ್ದ ಚೌಕ ಅಳಿಸ್ದ. ನೀನು ಇನ್ಮೇಲೆ ಯಾರಿಗೂ ಏನೂ ಕೊಡ್ಬ್ಯಾಡ ಅಂತ ಕೈಮುಗಿದ. ಯಜಮಾನ್ರು ಆಗ್ಲಪ್ಪ ಅಂದ್ರು. ಆ ಸಂಜೇನೇ ನಮ್ಮನೆ ಏಣಿ ಯಾರಿಗೋ ಕೊಟ್ಬುಟ್ಟಿದ್ರು.

ಆಮೇಲೆ ಮನೆ ಭಣಭಣ. ಕೋಮಲಾ ಫೋನು ಮಾಡ್ತಿತ್ತು, ಚೆನ್ನಾಗಿದೀನಮ್ಮ, ಊಟ ಆಯ್ತಮ್ಮ, ಇಡ್ಲಾ ಅಮ್ಮ. ಅಷ್ಟೇ. ಅಷ್ಟ್ರಲ್ಲಿ ತಾಯಿಗೆ ಏನು ತಿಳೀತದೆ? ಚೆನ್ನಾಗಿದೀನಿ ಅನ್ನೋದನ್ನ ಚೆನ್ನಾಗಿಲ್ದೇ ಇರೋರೂ ಅಂತಾರೆ. ನಾನು ಶೆಡ್ಡಲ್ಲಿ ಮುಳ್ಳು ಚುಚ್ಚಿಸ್ಕೊಳ್ಳೋದು ಜಾಸ್ತಿ ಆಯ್ತು.

ಒಂದಿನ ಮಧ್ಯಾಹ್ನ ಡಬ್ಬ ತೆಗೆದ್ರೆ ಕನಕಮ್ಮನ ಹೆಸರಲ್ಲಿ ಒಂದು ಹೊಸ ಹಾಡು ಬಂದು ಕುಂತಿತ್ತು. ಒತ್ತಿದೆ. ಕನಕಮ್ಮನ ದನಿ. ಕದವಿಲ್ಲ ಅಗಳಿಲ್ಲ. ನನ್ನ ಹಾಡು! ಒಂದಕ್ಷರ ತಪ್ಪಿಲ್ಲ, ಒಂದು ಸಾಲು ಬಿಟ್ಟಿಲ್ಲ. ಆ ಕಳ್ಳಿ ಒಂದೇ ಸಲ ಕೇಳಿದ್ದನ್ನ ಪೂರಾ ಎದೇಲಿಟ್ಕೊಂಡು ಹೋಗಿದ್ಲು. ಹಾಡಿ ಮುಗಿಸಿ, "ಈಗ ನೀನು ಹೇಳೇ, ನಗಬ್ಯಾಡ, ನಿಮ್ಮಮ್ಮ ಕೇಳ್ತಾಳೆ" ಅಂದ್ಲು ಯಾರಿಗೋ. ಬಳೆ ಸದ್ದಾಯ್ತು, ಯಾರೋ ಗಂಟಲು ಸರಿ ಮಾಡ್ಕೊಂಡ್ರು. ಆಮೇಲೆ ಕೋಮಲಾ. ಜೊತೇಲಿ ಹಾಡೇ ಅಂದ್ರೆ ಕಿವಿಗೆ ವೈರು ಸಿಗಿಸ್ಕೊಂಡು ಎದ್ದೋಗ್ತಿದ್ದ ನನ್ನ ಮಗಳು.

ಗೋಡೇಗೆ ಕಿವಿಕೊಟ್ಟ ತಾಯವ್ವ ಕೇಳಿಲ್ಲಿ
ಜೋಡಾಗಿ ಕುಂತು ಹಾಡೇವು – ಅತ್ತೆಮ್ಮ
ಕೇಡಿಯಲ್ಲವ್ವ ಬರಿ ಕಳ್ಳಿ

ಕಡೇ ಪದಕ್ಕೆ ತಡೀಲಾರ್ದೆ ಕಿಲಕಿಲ ನಕ್ಬುಡ್ತು. "ಏಯ್!" ಅಂತ ಕನಕಮ್ಮ ಗದರೋಕೆ ಹೋಗಿ ಅವಳೂ ನಕ್ಲು. ಇಬ್ರೂ ನಗ್ತಾ ಇರೋವಾಗ್ಲೇ ಹಾಡು ಮುಗೀತು. ನಾನು ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಒಂದು ಸಲಾನೂ ನಡುವೆ ನಿಲ್ಲಲಿಲ್ಲ. ಮೇಸ್ತ್ರಿ ಬಂದು, ಕೆಲಸ ಬಿಟ್ಟು ಯಾಕಮ್ಮ ಅಳ್ತಾ ನಿಂತಿದೀಯ ಅಂದ. ಅಳ್ತಿಲ್ಲ ಕಣಯ್ಯ, ನನ್ನ ಮಗಳು ಹಾಡ್ತಾವ್ಳೆ, ವಸಿ ಸುಮ್ನಿರು ಅಂದೆ.